ಲೆನ್ಸಿನ ಮೇಲೆ 18 ಎಂದಿದ್ದರೆ ಸಾಲದು: ಮನೆ ಮೌಲ್ಯಮಾಪನಕ್ಕೆ ಕ್ಯಾಮೆರಾ ಕೊಳ್ಳುವವರಿಗೆ ಎಚ್ಚರಿಕೆ

ಬೆಂಗಳೂರಿನ ಕಾಮಾಕ್ಷಿಪಾಳ್ಯದ ಒಂದು 20×30 ಸೈಟಿನ ಮನೆಯ ಬಗ್ಗೆ ನಾನು ಕೊಟ್ಟ ಮೌಲ್ಯಮಾಪನ ವರದಿಯ ಮೇಲೆ ಬ್ಯಾಂಕಿನ ಎಂಜಿನಿಯರ್ "ಹಾಲ್‌ನ ಎಡಗೋಡೆ ಹೊಟ್ಟೆ ಬಿಟ್ಟಂತಿದೆ, ಕಟ್ಟಡದ ಭದ್ರತೆಯ ಪ್ರಮಾಣಪತ್ರ ತರಿಸಿ" ಎಂದು ಷರಾ ಬರೆದರು. ಗೋಡೆ ನೆಟ್ಟಗೇ ಇತ್ತು. ಅದನ್ನು ಬಾಗಿಸಿ ತೋರಿಸಿದ್ದು ನಾನು ಬಳಸಿದ ಲೆನ್ಸು. ಆ ಚಿತ್ರದ ದೆಸೆಯಿಂದ ಒಂದು ಕುಟುಂಬಕ್ಕೆ ಕೊಳ್ಳಬೇಕೆಂದಿದ್ದ ಮನೆ ಕೈತಪ್ಪಿತು, ನನಗೆ ಆ ಬ್ಯಾಂಕಿನ ಕೆಲಸ ಹಲವು ತಿಂಗಳು ನಿಂತಿತು. ನೋಂದಾಯಿತ ಮೌಲ್ಯಮಾಪಕರ 2017ರ ನಿಯಮಗಳ ಅಡಿಯಲ್ಲಿ ಹೊಸದಾಗಿ ನೋಂದಾಯಿಸಿಕೊಂಡು ಕೆಲಸಕ್ಕೆ ಇಳಿಯುತ್ತಿರುವ ಎಂಜಿನಿಯರ್‌ಗಳು ಕ್ಯಾಮೆರಾ ಕೊಳ್ಳುವ ಮೊದಲು ಇದನ್ನು ಓದಲಿ ಎಂದು ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ನಮ್ಮ ಊರಿನಲ್ಲಿ ಈ ಕೆಲಸಕ್ಕೆ ಅಗಲ ನೋಟದ ಕ್ಯಾಮೆರಾ ಏಕೆ ಬೇಕು ಎಂಬುದು ಮನೆ ನೋಡಿದವರಿಗೆಲ್ಲ ಗೊತ್ತು. ಲಗ್ಗೆರೆ, ಕಾಮಾಕ್ಷಿಪಾಳ್ಯ, ಶ್ರೀನಗರದ ಕಡೆ ಆರು ಚದರದ ಸೈಟಿನಲ್ಲಿ ಮೂರು ಅಂತಸ್ತು ಎಬ್ಬಿಸಿದ ಮನೆಗಳಲ್ಲಿ, ಪೇಟೆಯ ಹಳೆಯ ವಠಾರಗಳಲ್ಲಿ, ಚಿತ್ರ ತೆಗೆಯಲು ಹಿಂದೆ ಸರಿಯೋಣವೆಂದರೆ ಜಾಗವಿರುವುದಿಲ್ಲ. ಬೆನ್ನು ಗೋಡೆಗೆ ತಾಗಿದ ಮೇಲೆ ನೆಚ್ಚಬೇಕಾದದ್ದು ಲೆನ್ಸಿನ ಅಗಲವನ್ನೊಂದೇ. ಕ್ಯಾಮೆರಾ ಕೊಳ್ಳುವವರೆಗೆ ನಾನು ಫೋನಿನಲ್ಲೇ ಚಿತ್ರ ತೆಗೆಯುತ್ತಿದ್ದೆ. ಹಗಲಿನಲ್ಲೂ ಕತ್ತಲಿರುವ ಒಳಕೋಣೆಗಳಲ್ಲಿ ಗೋಡೆಯ ತೇವವೂ ಬಿರುಕೂ ಸ್ಪಷ್ಟವಾಗಿ ಬರುತ್ತಿರಲಿಲ್ಲ ಎಂಬ ಕಾರಣಕ್ಕೆ ಬಳಸಿದ ಕ್ಯಾಮೆರಾಗಳನ್ನು ಮಾರುವ ಒಂದು ಅಂಗಡಿಗೆ ಹೋದೆ.

ಅಂಗಡಿಯವರು ಲೆನ್ಸು ಬದಲಿಸಬಹುದಾದ ಒಂದು ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು ಅದರ ಜೊತೆಯ 18–55 ಲೆನ್ಸಿನೊಂದಿಗೆ ಮುಂದಿಟ್ಟು, "ಸಾರ್, ಇದು 18 ಎಂಎಂ. ಮನೆ ಫೋಟೋಗೆ ಇದಕ್ಕಿಂತ ವೈಡ್ ಬೇಕಾಗೋದೇ ಇಲ್ಲ" ಎಂದರು. ಲೆನ್ಸಿನ ಮೇಲಿನ ಈ ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ. 18 ಮಿ.ಮೀ. ಲೆನ್ಸು ಅಡ್ಡಲಾಗಿ 90 ಡಿಗ್ರಿ ನೋಡುತ್ತದೆ, ಅಂದರೆ ಕೋಣೆಯ ಒಂದು ಮೂಲೆಯಲ್ಲಿ ನಿಂತರೆ ಎದುರಿನ ಎರಡೂ ಗೋಡೆಗಳು ಪೂರ್ತಿ ಸಿಗುತ್ತವೆ ಎಂದು ನಾನು ಎಲ್ಲೋ ಓದಿದ್ದೆ. ಓದಿದ್ದು ಸುಳ್ಳಲ್ಲ, ಆದರೆ ಆ ಮಾತು 36×24 ಮಿ.ಮೀ. ಅಳತೆಯ ಫುಲ್ ಫ್ರೇಮ್ ಸೆನ್ಸರ್‌ಗೆ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕಕ್ಕೆ) ಮಾತ್ರ ಸಲ್ಲುತ್ತದೆ. ಲೆನ್ಸಿನ ಮೇಲಿನ ಸಂಖ್ಯೆಯಷ್ಟೇ ನೋಟದ ಅಗಲವನ್ನು ನಿರ್ಧರಿಸುವುದಿಲ್ಲ. ಅದರ ಹಿಂದಿರುವ ಸೆನ್ಸರ್ ಚಿಕ್ಕದಾದಷ್ಟೂ ಲೆನ್ಸು ತಂದ ಚಿತ್ರದ ಅಂಚುಗಳು ಹೊರಗೆ ಉಳಿದುಬಿಡುತ್ತವೆ. ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಸೆನ್ಸರ್ ಇರುವ ನಿಕಾನ್, ಸೋನಿ ಕ್ಯಾಮೆರಾಗಳಲ್ಲಿ ಲೆನ್ಸಿನ ಸಂಖ್ಯೆಯನ್ನು 1.5ರಿಂದ, ಕ್ಯಾನನ್‌ನಲ್ಲಿ 1.6ರಿಂದ, ಇನ್ನೂ ಚಿಕ್ಕ ಸೆನ್ಸರ್‌ನ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾಗಳಲ್ಲಿ 2ರಿಂದ ಗುಣಿಸಿದರೆ, ಫುಲ್ ಫ್ರೇಮ್ ಲೆಕ್ಕದಲ್ಲಿ ನಿಜವಾದ ಅಗಲಕ್ಕೆ ಸಮನಾದ ಸಂಖ್ಯೆ ಸಿಗುತ್ತದೆ. ನಾನು ಕೊಂಡ ಕ್ಯಾಮೆರಾದ ಗುಣಕ 1.6. ಹಾಗಾಗಿ ನನ್ನ 18 ಎಂಬುದು 28.8ಕ್ಕೆ ಸಮ, ನೋಟದ ಕೋನ 90ರ ಬದಲು 64 ಡಿಗ್ರಿ. ಈ ಗುಣಾಕಾರವನ್ನು ಹಣ ಕೊಡುವ ಮೊದಲು ಮಾಡಬೇಕಿತ್ತು. ನಾನು ಮಾಡಿದ್ದು ಮೊದಲ ಮನೆಯಲ್ಲಿ ನಿಂತಾಗ. ಹತ್ತು ಅಡಿ ಆಳದ ಹಾಲ್‌ನಲ್ಲಿ ಬೆನ್ನನ್ನು ಗೋಡೆಗೆ ಒತ್ತಿ ನಿಂತರೂ ಎದುರಿನ ಹನ್ನೊಂದು ಅಡಿ ಗೋಡೆ ಹೇಗೋ ಹಿಡಿಸಿತೇ ಹೊರತು ಪಕ್ಕದ ಗೋಡೆಗಳ ಸುಳಿವೇ ಇರಲಿಲ್ಲ.

ಮರಳಿ ಅಂಗಡಿಗೆ ಹೋದಾಗ ಅವರು ನೋಟ ಅಗಲವಾಗಲೆಂದು ಲೆನ್ಸಿನ ಬಾಯಿಗೆ ತಿರುಪಿ ಕೂರಿಸುವ, ಮೇಲೆ 0.45 ಎಂದು ಬರೆದಿದ್ದ ಒಂದು ಗಾಜಿನ ಜೋಡಣೆಯನ್ನು 1,800 ರೂಪಾಯಿಗೆ ಕೊಟ್ಟರು. ದಯವಿಟ್ಟು ಇಂಥದ್ದನ್ನು ಮೌಲ್ಯಮಾಪನಕ್ಕೆ ಬಳಸಬೇಡಿ. ಲೆನ್ಸನ್ನು 18ರಲ್ಲಿಟ್ಟರೆ ನಾಲ್ಕು ಮೂಲೆಗಳೂ ಕಪ್ಪಾಗುತ್ತಿದ್ದವು. ಕಪ್ಪು ಹೋಗಲೆಂದು ಸ್ವಲ್ಪ ಜೂಮ್ ಮಾಡಿದರೆ ನಡುಭಾಗ ಮಾತ್ರ ಸ್ಪಷ್ಟವಾಗಿದ್ದು ಅಂಚು ಕಲೆಸಿಹೋಗುತ್ತಿತ್ತು, ಕಿಟಕಿಯ ಸರಳುಗಳ ಸುತ್ತ ನೇರಳೆ ಬಣ್ಣದ ಗೆರೆ ಕಾಣುತ್ತಿತ್ತು. ಕ್ಯಾಮೆರಾದ ಫ್ಲ್ಯಾಶ್ ಹಾಕಿದರೆ ಆ ದಪ್ಪ ಜೋಡಣೆಯೇ ಬೆಳಕಿಗೆ ಅಡ್ಡ ಬಂದು ಚಿತ್ರದ ಕೆಳಭಾಗದಲ್ಲಿ ಅರ್ಧಚಂದ್ರದಂತೆ ನೆರಳು ಬೀಳುತ್ತಿತ್ತು. ನೆಲದ ಸ್ಥಿತಿ ತೋರಿಸಬೇಕಾದ ಜಾಗವೇ ಅದು. ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು ಗೆರೆಗಳ ಬಾಗು. ಅಗಲ ನೋಟದ ಕಳಪೆ ಗಾಜು ಚಿತ್ರದ ಅಂಚಿನ ಹತ್ತಿರವಿರುವ ನೇರ ಗೆರೆಗಳನ್ನು ಹೊರಕ್ಕೆ ಉಬ್ಬಿಸುತ್ತದೆ: ನಡುವೆ ಬಂದ ಕಂಬ ನೆಟ್ಟಗೆ ನಿಂತರೆ, ಅಂಚಿಗೆ ಬಂದ ಅದೇ ಕಂಬ ಪೀಪಾಯಿಯ ಪಕ್ಕದಂತೆ ಉಬ್ಬಿಕೊಳ್ಳುತ್ತದೆ. ಇದನ್ನು ನಾನು ಗಮನಿಸಿದ್ದೆ. ಚಿತ್ರ ನೋಡುವವರಿಗೆ ಅರ್ಥವಾಗುತ್ತದೆ ಎಂದು ಭಾವಿಸಿ ಕಳುಹಿಸಿದ್ದು ನನ್ನ ತಪ್ಪು, ಅದನ್ನು ಅಂಗಡಿಯವರ ಮೇಲೆ ಹಾಕಲಾರೆ.

ಷರಾ ಬಂದ ದಿನ ಖರೀದಿದಾರರ ಕ್ರಯದ ಕರಾರಿನ ಅವಧಿ ಮುಗಿಯಲು ಹದಿನೆಂಟು ದಿನ ಉಳಿದಿತ್ತು. ಅವರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವವರು. ಮುಂಗಡ ಕೊಟ್ಟು, ಉಳಿದದ್ದಕ್ಕೆ ಸಾಲವನ್ನೇ ನಂಬಿದ್ದರು. ನಾನು ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಹೋಗಿ, ತಾರಸಿಯಿಂದ ನೆಲದವರೆಗೆ ಮೂರು ಕಡೆ ತೂಗುಗುಂಡು ಇಳಿಸಿ, ಗಾರೆಯ ಸಣ್ಣ ಏರಿಳಿತ ಬಿಟ್ಟರೆ ಗೋಡೆ ಲಂಬವಾಗಿಯೇ ಇದೆ ಎಂದು ಅಳತೆಯ ಸಮೇತ ಬರೆದುಕೊಟ್ಟೆ. ಆದರೆ ಒಮ್ಮೆ ಬಿದ್ದ ಷರಾವನ್ನು ತೆಗೆಸುವುದು ಸುಲಭವಲ್ಲ. ಬ್ಯಾಂಕು ಬೇರೊಬ್ಬ ಮೌಲ್ಯಮಾಪಕರನ್ನು ಕಳುಹಿಸಿತು, ಅವರ ವರದಿ ಬಂದು ಕಡತ ಮೇಲಿನ ಕಚೇರಿಗೆ ಹೋಗಿ ಬರುವಷ್ಟರಲ್ಲಿ ಅವಧಿ ಮೀರಿತು, ಮಾರುವವರು ಪೂರ್ತಿ ಹಣ ಸಿದ್ಧವಿದ್ದ ಇನ್ನೊಬ್ಬರಿಗೆ ಮನೆ ಕೊಟ್ಟರು. "ಗೋಡೆ ಸರಿ ಇದೆ ಅಂತ ನಾವು ಮೊದಲೇ ಹೇಳಿದ್ವಲ್ಲ ಸಾರ್" ಎಂದು ಖರೀದಿದಾರರ ಪತ್ನಿ ಫೋನಿನಲ್ಲಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಶುಲ್ಕ ಹಿಂದಿರುಗಿಸಿದೆ, ಅದರಿಂದ ಅವರ ನಷ್ಟ ತುಂಬಲಿಲ್ಲ.

ಅಂಗಡಿಯವರು ಕ್ಯಾಮೆರಾ ವಾಪಸು ತೆಗೆದುಕೊಳ್ಳಲಿಲ್ಲ. ತೆರಿಗೆ ಉಳಿಯುತ್ತದೆ ಎಂದು ಅವರು ಹೇಳಿದ್ದನ್ನು ಒಪ್ಪಿ ನಾನು ಬಿಲ್ ಪಡೆದಿರಲಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅಂಥ ಅವಧಿ ಹೇಳದಿದ್ದರೆ ಮೂವತ್ತು ದಿನದೊಳಗೆ, ವಾಪಸು ಪಡೆಯಲು ನಿರಾಕರಿಸುವುದೂ ಹಾಗೆಯೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆದರೆ ಕೈಯಲ್ಲಿ ಕಾಗದವಿಲ್ಲದವನು, ಏನೆಂದು ಹೇಳಿ ಮಾರಿದರು ಎಂಬುದನ್ನು ಸಾಧಿಸುವುದು ಬಹಳ ಕಷ್ಟ. ಬಿಲ್ಲಿನ ಮೇಲೆ ಕ್ಯಾಮೆರಾದ ಮತ್ತು ಲೆನ್ಸಿನ ಕ್ರಮಸಂಖ್ಯೆ ಎರಡನ್ನೂ ಬರೆಸಿಕೊಳ್ಳಿ.

ಕೊಳ್ಳಲು ಹೋಗುವಾಗ ಜೇಬಿನಲ್ಲಿ ಒಂದು ಟೇಪು ಇರಲಿ. ಅಂಗಡಿಯ ಗೋಡೆಯಿಂದ ಹತ್ತು ಅಡಿ ಅಳೆದು ನಿಂತು, ಜೂಮ್ ಪೂರ್ತಿ ಹಿಂದಕ್ಕೆ ತಂದು, ಕ್ಯಾಮೆರಾವನ್ನು ಅಡ್ಡ ಹಿಡಿದು ಒಂದು ಚಿತ್ರ ತೆಗೆಯಿರಿ. ಅದರಲ್ಲಿ ಗೋಡೆ ಎಷ್ಟು ಅಡಿ ಬಂದಿದೆ ಎಂದು ನೆಲದ ಟೈಲ್ಸ್ ಎಣಿಸಿ ನೋಡಿ. 24ಕ್ಕೆ ಸಮನಾದ ಲೆನ್ಸಾಗಿದ್ದರೆ 15 ಅಡಿ ಬರಬೇಕು, 28 ಆಗಿದ್ದರೆ 13 ಅಡಿಗೆ ತುಸು ಕಡಿಮೆ, 18 ಆಗಿದ್ದರೆ 20 ಅಡಿ. ಉದ್ದ ಅಗಲಗಳು 4:3 ಇರುವ ಚಿಕ್ಕ ಕ್ಯಾಮೆರಾಗಳಲ್ಲಿ ಇದು ಸ್ವಲ್ಪ ಕಡಿಮೆಯಾಗುತ್ತದೆ. ಅಲ್ಲಿ 24ಕ್ಕೆ 14 ಅಡಿ 5 ಇಂಚಿನಷ್ಟು ಸಿಗುತ್ತದೆ. ಮಾರುವವರ ಮಾತು ಏನೇ ಇರಲಿ, ಟೇಪು ಹೇಳಿದ್ದೇ ಲೆಕ್ಕ. ಅನಂತರ ಬಾಗಿಲಿನ ಚೌಕಟ್ಟು ಚಿತ್ರದ ಎಡ ಅಂಚಿಗೆ ಬರುವಂತೆ ಇನ್ನೊಂದು ಚಿತ್ರ ತೆಗೆದು, ಪರದೆಯ ಅಂಚಿಗೆ ಹೋಲಿಸಿ ಚೌಕಟ್ಟು ಬಾಗಿದೆಯೇ ಎಂದು ಪರೀಕ್ಷಿಸಿ. ಹಲವು ಕ್ಯಾಮೆರಾಗಳು ಈ ಬಾಗನ್ನು ತಾವೇ ತಿದ್ದಬಲ್ಲವು, ಆ ಆಯ್ಕೆ ಮೆನುವಿನಲ್ಲಿ ಚಾಲೂ ಇರಬೇಕು ಅಷ್ಟೆ. ಮೂವತ್ತು ಪಟ್ಟು ಜೂಮ್ ಇದೆ ಎಂದು ಯಾರಾದರೂ ಹೊಗಳಿದರೆ ಕಿವಿಗೊಡಬೇಡಿ, ನಮ್ಮ ಕೆಲಸಕ್ಕೆ ಬೇಕಾದದ್ದು ಲೆನ್ಸಿನ ಮೇಲಿನ ಮೊದಲ, ಚಿಕ್ಕ ಸಂಖ್ಯೆ. ಚಿಕ್ಕ ಕ್ಯಾಮೆರಾದ ಲೆನ್ಸಿನ ಮೇಲೆ 8.8 ಎಂದು ಕಂಡು ಹಿಗ್ಗಲೂ ಬೇಡಿ. 1 ಇಂಚು ವರ್ಗದ ಸೆನ್ಸರ್‌ನಲ್ಲಿ ಅದು 24ಕ್ಕೆ ಸಮ.

ಬಳಸಿದ ಕ್ಯಾಮೆರಾ ಆದರೆ ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿ, ದಿನಾಂಕ ಉಳಿದಿದೆಯೇ ನೋಡಿ. ಒಳಗಿನ ಗಡಿಯಾರದ ಬ್ಯಾಟರಿ ಸತ್ತಿದ್ದರೆ ಚಿತ್ರದ ಕಡತದಲ್ಲಿ ಹಳೆಯ ವರ್ಷ ದಾಖಲಾಗುತ್ತದೆ, ಭೇಟಿಯ ದಿನಾಂಕವನ್ನು ಪ್ರಶ್ನಿಸಲು ಅಷ್ಟೇ ಸಾಕು.

ಈಗ ನಾನು ಬಳಸುತ್ತಿರುವುದು ಅದೇ ಕ್ಯಾಮೆರಾ, ಲೆನ್ಸು ಮಾತ್ರ ಬೇರೆ: ಕ್ಯಾನನ್‌ನ 10–18, ಅಂದರೆ 16ರಿಂದ 29ಕ್ಕೆ ಸಮ. ನಿಕಾನ್‌ನ ಎಪಿಎಸ್-ಸಿ ಕ್ಯಾಮೆರಾ ಇರುವವರಿಗೆ 10–20 ಇದೆ. ಚಿಕ್ಕದು ಬೇಕೆನ್ನುವವರಿಗೆ ಸೋನಿಯ ಜಡ್‌ವಿ-1 ಎರಡನೆಯ ಆವೃತ್ತಿ 18ಕ್ಕೆ ಸಮನಾದ ಅಗಲದಿಂದ ಶುರುವಾಗುತ್ತದೆ, ಮೊದಲ ಆವೃತ್ತಿ 24ರಿಂದ. ಹೆಸರು ಹತ್ತಿರವಿರುವುದರಿಂದ ಕೊಳ್ಳುವಾಗ ಗೊಂದಲವಾಗದಿರಲಿ. ಮುಂಭಾಗದ ಚಿತ್ರಕ್ಕೆ ಮಾತ್ರ ಯಾವ ಲೆನ್ಸೂ ಪೂರ್ತಿ ಸಾಲದು. ಇಪ್ಪತ್ತು ಅಡಿ ರಸ್ತೆಯ ಆಚೆ ನಿಂತು 24ರಲ್ಲಿ ಕ್ಯಾಮೆರಾವನ್ನು ನಿಲುವಾಗಿ, ವಾಲಿಸದೆ ಹಿಡಿದರೆ ನೆಲದಿಂದ ಇಪ್ಪತ್ತು ಅಡಿ ಎತ್ತರದವರೆಗೆ ಬರುತ್ತದೆ, ಎರಡನೆಯ ಮಹಡಿ ಹೊರಗುಳಿಯುತ್ತದೆ. ಮೇಲಕ್ಕೆ ವಾಲಿಸಿದರೆ ಕಟ್ಟಡ ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ಎದುರು ಮನೆಯವರನ್ನು ವಿನಯದಿಂದ ಕೇಳಿ ಅವರ ಮೊದಲ ಮಹಡಿಯಿಂದ ತೆಗೆಯುವುದೇ ನನಗೆ ಕಂಡ ದಾರಿ, ಇದುವರೆಗೆ ಬಹಳ ಕಡಿಮೆ ಜನ ಬೇಡವೆಂದಿದ್ದಾರೆ.

10–18 ಕೈಯಲ್ಲಿದ್ದರೂ ಕೋಣೆಯ ಒಳಗೆ ನಾನು 10ಕ್ಕೆ ಹೋಗುವುದಿಲ್ಲ. ಎಂಟು ಅಡಿ ಕೋಣೆ ಅಷ್ಟು ಅಗಲದಲ್ಲಿ ಕಲ್ಯಾಣ ಮಂಟಪದಂತೆ ಕಾಣುತ್ತದೆ; ಆ್ಯಕ್ಷನ್ ಕ್ಯಾಮೆರಾ ಮತ್ತು ಫೋನಿನ 0.5 ನೋಟದಲ್ಲೂ ಇದೇ ತೊಂದರೆ. ಮನೆ ಮಾರುವವರು ಹಾಗೆ ತೋರಿಸಿಕೊಳ್ಳಬಹುದು, ಸಾಲ ಕೊಡುವವರು ನಂಬುವ ವರದಿಯಲ್ಲಿ ಅದು ಸಲ್ಲದು. ಲೆನ್ಸಿನ ಉಂಗುರದಲ್ಲಿ 15ರ ಜಾಗಕ್ಕೆ ಒಂದು ಚೂರು ಬಿಳಿ ಟೇಪು ಅಂಟಿಸಿದ್ದೇನೆ, 15ನ್ನು 1.6ರಿಂದ ಗುಣಿಸಿದರೆ 24. ಕೋಣೆಗಳೆಲ್ಲ ಆ ಗುರುತಿನಲ್ಲೇ. ಬಚ್ಚಲಿನಂಥ ಇಕ್ಕಟ್ಟಿನಲ್ಲಿ ಅದಕ್ಕಿಂತ ಅಗಲ ಮಾಡಲೇಬೇಕಾದರೆ ಚಿತ್ರದ ಕೆಳಗೆ ಹಾಗೆಂದು ಬರೆಯುತ್ತೇನೆ, ಜೊತೆಗೆ ಟೇಪಿನಲ್ಲಿ ಅಳೆದ ಉದ್ದ ಅಗಲ ಮತ್ತು ನಾನು ಯಾವ ಮೂಲೆಯಲ್ಲಿ ನಿಂತಿದ್ದೆ ಎಂಬುದನ್ನೂ.