ಪ್ರೋಗ್ರೆಸ್ ಕ್ಲಾಸ್: ಹಿನ್ನೆಲೆ ಥ್ರೆಡ್‌ನಿಂದ ಪರದೆಗೆ ಸುದ್ದಿ ಮುಟ್ಟಿಸುವ ನಂಬಿಕಸ್ಥ

ಸ್ಕ್ಯಾನ್ ಮಾಡಿದ ಚಿತ್ರಗಳ ಗಾತ್ರ ಕುಗ್ಗಿಸುವ ಚಿಕ್ಕದೊಂದು ವಿನ್‌ಫಾರ್ಮ್ಸ್ (ವಿಂಡೋಸ್ ಪರದೆಗಳನ್ನು ಕಟ್ಟುವ ಮೈಕ್ರೋಸಾಫ್ಟ್ ಸಾಧನ) ತಂತ್ರಾಂಶವನ್ನು ಹಲವು ವರ್ಷಗಳಿಂದ ನಾನೊಬ್ಬನೇ ನೋಡಿಕೊಳ್ಳುತ್ತಿದ್ದೇನೆ. ಮೊದಲ ಆವೃತ್ತಿಯಲ್ಲಿ ಇಡೀ ಕೆಲಸವನ್ನು ಬಟನ್‌ನ ಕ್ಲಿಕ್ ಒಳಗೇ ಬರೆದಿದ್ದೆ. ಒತ್ತಿದ ಕೆಲವೇ ಸೆಕೆಂಡಿನಲ್ಲಿ ವಿಂಡೋ ಬಿಳಚಿಕೊಂಡು ‘ನಾಟ್ ರೆಸ್ಪಾಂಡಿಂಗ್’ ಎನ್ನುತ್ತಿತ್ತು. ಬಳಸುವವರು ಗಾಬರಿಯಾಗಿ ಮುಚ್ಚಿಬಿಡುತ್ತಿದ್ದರು.

ಕೆಲಸವನ್ನು ಬೇರೆ ಥ್ರೆಡ್‌ಗೆ, ಅಂದರೆ ಪರದೆಯ ಕೆಲಸದ ಜೊತೆಜೊತೆಗೇ ಓಡುವ ಇನ್ನೊಂದು ಎಳೆಗೆ, ಸಾಗಿಸಿದೆ. ಅಲ್ಲಿಂದ ಲೇಬಲ್‌ನ ಪಠ್ಯ ಬದಲಿಸಿದ್ದೇ ತಡ, ತಪ್ಪು ಹುಡುಕಲು ಬಳಸುವ ಡೀಬಗರ್ ಕ್ರಾಸ್-ಥ್ರೆಡ್ ದೋಷ (ಒಂದು ಥ್ರೆಡ್‌ನದನ್ನು ಇನ್ನೊಂದು ಮುಟ್ಟಿದ ತಪ್ಪು) ತೋರಿಸಿ ನಿಂತಿತು. ಅದು ನಿಂತದ್ದು ಸರಿಯೇ. ಲೇಬಲ್, ಬಟನ್‌ನಂತಹ ಕಂಟ್ರೋಲನ್ನು ಸೃಷ್ಟಿಸಿದ ಥ್ರೆಡ್ ಮಾತ್ರ ಅದನ್ನು ಮುಟ್ಟಬೇಕು. ಡೀಬಗರ್ ಇಲ್ಲದೆ ಓಡಿಸಿದ್ದರೆ ಇದೇ ತಪ್ಪು ಬಾಯಿ ಬಿಡದೆ, ಎಂದೋ ಒಂದು ದಿನ ಕೈಕೊಡುತ್ತಿತ್ತು.

2005ರಲ್ಲಿ ಮೈಕ್ರೋಸಾಫ್ಟ್‌ನ ತಂತ್ರಾಂಶ ವೇದಿಕೆ ಡಾಟ್‌ನೆಟ್ 2.0 ಜೊತೆ ಬಂದ, ಕೆಲಸವನ್ನು ಹಿನ್ನೆಲೆ ಥ್ರೆಡ್‌ನಲ್ಲಿ ನಡೆಸುವ ಬ್ಯಾಕ್‌ಗ್ರೌಂಡ್‌ವರ್ಕರ್ ಆಗ ನನ್ನನ್ನು ಕಾಪಾಡಿತು. ಆದರೆ ಹಿನ್ನೆಲೆಯಲ್ಲಿ ಆದ ದೋಷವನ್ನು ಅದು ಎರರ್ ಎಂಬ ಪ್ರಾಪರ್ಟಿಯಲ್ಲಿ ಇಟ್ಟು ಸುಮ್ಮನಾಗುತ್ತದೆ. ನಾನು ಅದನ್ನು ತೆರೆದು ನೋಡುತ್ತಿರಲಿಲ್ಲ. ಕೆಟ್ಟ ಫೈಲೊಂದು ಕೆಲಸವನ್ನು ನಡುವೆಯೇ ನಿಲ್ಲಿಸಿದ್ದರೂ ಪರದೆಯ ಮೇಲೆ ‘ಮುಗಿಯಿತು’ ಎಂದು ಬರುತ್ತಿತ್ತು. ಅದನ್ನು ನಂಬಿ ಒಬ್ಬರು ಮೂಲ ಚಿತ್ರಗಳನ್ನು ಅಳಿಸಿದ್ದರು. ಆ ನೋವು ಇನ್ನೂ ಇದೆ.

ಈಗ 2012ರ ಡಾಟ್‌ನೆಟ್ 4.5ರಲ್ಲಿ ಬಂದ ಪ್ರೋಗ್ರೆಸ್ ಕ್ಲಾಸನ್ನು ಅಸಿಂಕ್-ಅವೇಟ್ (ಪರದೆಯನ್ನು ತಡೆಯದೆ ಕೆಲಸ ಮುಗಿಯಲು ಕಾಯುವ ಬರವಣಿಗೆ) ಜೊತೆ ಬಳಸುತ್ತಿದ್ದೇನೆ. ಮನಃಪೂರ್ವಕವಾಗಿ ಮೆಚ್ಚಿದ್ದೇನೆ. ತಾನು ಹುಟ್ಟಿದ ಥ್ರೆಡ್‌ನ ಸಂದರ್ಭವನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಹಿನ್ನೆಲೆಯಿಂದ ರಿಪೋರ್ಟ್ ಎಂದು ಕರೆದರೆ ಸಾಕು, ಸುದ್ದಿ ತಾನಾಗಿ ಪರದೆಯ ಥ್ರೆಡ್‌ಗೆ ತಲುಪುತ್ತದೆ. ಪರದೆಯ ಥ್ರೆಡ್‌ಗೆ ಕೆಲಸ ದಾಟಿಸುವ ಇನ್‌ವೋಕ್ ಬರೆಯುವ ಗೋಜಿಲ್ಲ. ದೋಷವಾದರೆ ಅವೇಟ್ ಇರುವ ಸಾಲಿನಲ್ಲೇ ಎದುರಾಗುತ್ತದೆ, ಟ್ರೈ-ಕ್ಯಾಚ್ ಹಿಡಿಯುತ್ತದೆ.

ಎರಡು ಕಡೆ ಎಡವಿದೆ. ಪ್ರೋಗ್ರೆಸ್ ವಸ್ತುವನ್ನು ಹಿನ್ನೆಲೆಯಲ್ಲಿ ಓಡುವ ಟಾಸ್ಕ್‌ನ ಒಳಗೆ ಸೃಷ್ಟಿಸಿದಾಗ ಅದಕ್ಕೆ ಪರದೆಯ ಥ್ರೆಡ್‌ನ ಪರಿಚಯವೇ ಇರಲಿಲ್ಲ, ಹಳೆಯ ಕ್ರಾಸ್-ಥ್ರೆಡ್ ದೋಷ ಮರಳಿತು. ಹೊರಗೆ, ಕ್ಲಿಕ್ ಹ್ಯಾಂಡ್ಲರ್‌ನಲ್ಲೇ ಸೃಷ್ಟಿಸಬೇಕು. ಇನ್ನೊಂದು, ಚಿತ್ರದ ಪ್ರತಿ ಪಿಕ್ಸೆಲ್ ಸಾಲಿಗೂ ವರದಿ ಕಳಿಸಿದೆ. ರಿಪೋರ್ಟ್ ಯಾರಿಗೂ ಕಾಯುವುದಿಲ್ಲ, ಸಂದೇಶಗಳು ಸಾಲುಗಟ್ಟಿ ವಿಂಡೋ ಮತ್ತೆ ಬಿಳಚಿಕೊಂಡಿತು. ಕೊನೆಯ ವರದಿಯಾಗಿ 100 ಮಿಲಿಸೆಕೆಂಡ್ ಕಳೆದಿದ್ದರೆ ಮಾತ್ರ ಮುಂದಿನದು ಎಂಬ ತಡೆ ಹಾಕಿದ ಮೇಲೆ ಪ್ರಗತಿ ತೋರಿಸುವ ಪಟ್ಟಿ ನುಣುಪಾಗಿ ಸರಿಯುತ್ತಿದೆ.

ಕೆಲಸ ರದ್ದು ಮಾಡುವ ಸೌಲಭ್ಯ ಇದರೊಳಗಿಲ್ಲ, ರದ್ದತಿಯ ಸೂಚನೆ ಮುಟ್ಟಿಸುವ ಕ್ಯಾನ್ಸಲೇಶನ್ ಟೋಕನ್ ಬೇರೆಯಾಗಿ ಸೇರಿಸಬೇಕು. ಬ್ಯಾಕ್‌ಗ್ರೌಂಡ್‌ವರ್ಕರ್ ಇನ್ನೂ ಎರಡು ಫಾರ್ಮ್‌ಗಳಲ್ಲಿ ಉಳಿದಿದೆ. ಮುಂದಿನ ಆವೃತ್ತಿಯಲ್ಲಿ ಅವನ್ನೂ ಬದಲಿಸುತ್ತೇನೆ.