ಬೀಫ್ ಪ್ರೋಟೀನ್ ಪೌಡರ್ ಮೂರು ತಿಂಗಳು ಕುಡಿದೆ, ಈಗ ಮತ್ತೆ ವೇ ಪ್ರೋಟೀನ್

ಮೊದಲೇ ಹೇಳಿಬಿಡುತ್ತೇನೆ. ಮೈ ಕಟ್ಟಬೇಕು ಅಂತ ಬೀಫ್ ಪ್ರೋಟೀನ್ ಪೌಡರ್ ಕೊಳ್ಳಲು ಹೊರಟಿದ್ದೀರಾ? ಹಾಲಿನ ಅಲರ್ಜಿ ಇಲ್ಲದಿದ್ದರೆ ಆ ದುಡ್ಡು ಹಾಕಬೇಡಿ. ಮೂರು ತಿಂಗಳಲ್ಲಿ ಎರಡು ಡಬ್ಬಿ ಮುಗಿಸಿದವನು ಹೇಳುತ್ತಿದ್ದೇನೆ.

ನಾನಿರುವುದು ಡಲ್ಲಾಸ್‌ನಲ್ಲಿ, ಊರು ಮಂಗಳೂರು. ಭಾನುವಾರ ಚರ್ಚಿನಿಂದ ಬಂದ ಮೇಲೆ ಅಮ್ಮ ಮಾಡುವ ಬೀಫ್ ಸುಕ್ಕ ತಿಂದು ಬೆಳೆದವನು, ಹಾಗಾಗಿ ಬೀಫ್ ನನಗೆ ಹೊಸದಲ್ಲ. ವಾರಕ್ಕೆ ನಾಲ್ಕು ದಿನ ಜಿಮ್‌ಗೆ ಹೋಗುತ್ತೇನೆ. ಮೊದಲು ಕುಡಿಯುತ್ತಿದ್ದದ್ದು ಕಡಿಮೆ ಬೆಲೆಯ ವೇ ಕಾನ್ಸಂಟ್ರೇಟ್, ಅಂದರೆ ಹಾಲಿನಿಂದ ತೆಗೆಯುವ ಪ್ರೋಟೀನ್ ಪುಡಿ. ಕುಡಿದು ಅರ್ಧ ಗಂಟೆಗೆ ಹೊಟ್ಟೆ ಉಬ್ಬರ, ಒಳಗೆಲ್ಲ ಗುಡುಗುಡು, ಮೀಟಿಂಗಿನಲ್ಲಿ ನೆಟ್ಟಗೆ ಕೂರಲು ಆಗುತ್ತಿರಲಿಲ್ಲ. ಜಿಮ್ ಪಕ್ಕದ ಸಪ್ಲಿಮೆಂಟ್ ಅಂಗಡಿಯವರು, ನಿಮಗೆ ಹಾಲು ಆಗಿಬರುವುದಿಲ್ಲ, ಬೀಫ್ ತಗೊಳ್ಳಿ, ಸ್ಟೇಕ್ ತಿಂದ ಹಾಗೆಯೇ ಅಂದರು. ಡಬ್ಬಿಯ ಮೇಲೂ ಕೆಂಪು ಮಾಂಸದ ದೊಡ್ಡ ತುಂಡಿನ ಚಿತ್ರ ಇತ್ತು. ನಂಬಿದೆ.

ಮಾಂಸದ ವಾಸನೆ ಬರುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲವೇ ಇಲ್ಲ. ನಾನು ತಂದದ್ದು ಚಾಕೊಲೇಟ್ ಫ್ಲೇವರ್. ನೀರಿಗೆ ಹಾಕಿ ಕುಲುಕಿದರೆ ಅರ್ಧ ಶೇಕರ್ ಬರೀ ನೊರೆ, ಅದು ಇಳಿಯುವ ತನಕ ಕಾಯಬೇಕು. ಕೆಳಗಿರುವುದು ನೀರು ನೀರು, ಕುಡಿದ ಮೇಲೆ ನಾಲಿಗೆಯಲ್ಲಿ ಸ್ವಲ್ಪ ಕಹಿ ಉಳಿಯುತ್ತದೆ. ಹೊಟ್ಟೆಗೆ ಮಾತ್ರ ಹಿತವಾಗಿತ್ತು, ಅದನ್ನು ಒಪ್ಪಲೇಬೇಕು. ನನ್ನ ರೂಮ್‌ಮೇಟ್ ಬೀಫ್ ತಿನ್ನುವುದಿಲ್ಲ. ಅದಕ್ಕೇ ಬೇರೆ ಶೇಕರ್ ತಂದೆ, ಡಬ್ಬಿಯನ್ನು ಅಡುಗೆಮನೆಯಲ್ಲಿ ಇಡದೆ ನನ್ನ ಕೋಣೆಯಲ್ಲೇ ಇಟ್ಟುಕೊಂಡೆ. ಮನೆ ಹಂಚಿಕೊಂಡಿರುವವರು ಇದನ್ನು ಮೊದಲೇ ಮಾತಾಡಿಕೊಳ್ಳಿ. ಚಾಕೊಲೇಟ್ ಪುಡಿ ಅಂದುಕೊಂಡು ಗೊತ್ತಿಲ್ಲದೆ ಕುಡಿದುಬಿಟ್ಟರೆ ಅವರಿಗೆ ತುಂಬಾ ನೋವಾಗುತ್ತದೆ.

ಎರಡನೇ ಡಬ್ಬಿ ಅರ್ಧ ಆದಾಗ ಒಂದು ದಿನ ಹಿಂಬದಿಯ ಲೇಬಲ್ ಕೂತು ಓದಿದೆ. ಒಂದು ಸ್ಕೂಪಿಗೆ 23 ಗ್ರಾಂ ಪ್ರೋಟೀನ್ ಅಂತ ಇತ್ತು. ಅದರ ಪಕ್ಕದಲ್ಲಿ, ದಿನದ ಅಗತ್ಯದಲ್ಲಿ ಇದು ಎಷ್ಟು ಪಾಲು ಅಂತ ತೋರಿಸುವ ಜಾಗದಲ್ಲಿ, ಬರೀ ಶೇ. 7. ಅಮೆರಿಕದ ಲೇಬಲ್‌ಗಳಲ್ಲಿ ದಿನಕ್ಕೆ 50 ಗ್ರಾಂ ಪ್ರೋಟೀನ್ ಅಂತ ಲೆಕ್ಕ ಹಿಡಿಯುತ್ತಾರೆ. ಹಾಗಾದರೆ 23 ಗ್ರಾಂಗೆ ಶೇ. 46 ಇರಬೇಕಿತ್ತು, ಅಲ್ವಾ? ಆದರೆ ಈ ಪಾಲು ಹಾಕುವಾಗ ಬರೀ ತೂಕ ನೋಡಿದರೆ ಸಾಲದು, ಆ ಪ್ರೋಟೀನಿನ ಗುಣಮಟ್ಟವನ್ನೂ ಸೇರಿಸಿ ಲೆಕ್ಕ ಹಾಕಬೇಕು ಅಂತ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಿಯಮ ಇದೆ. ಅಂದರೆ ನನ್ನ 23 ಗ್ರಾಂನಲ್ಲಿ ಮೂರೂವರೆ ಗ್ರಾಂ ಮಾತ್ರ ಲೆಕ್ಕಕ್ಕೆ ಬಂದಿತ್ತು. ಇದನ್ನು ನೋಡಿ ನಿಜವಾಗಲೂ ಬೇಜಾರಾಯಿತು.

ಕಾರಣ ಇಷ್ಟೇ. ಇಂಥ ಪುಡಿಗಳಲ್ಲಿ ಎಷ್ಟೋ ತಯಾರಾಗುವುದು ನಾವು ತಿನ್ನುವ ಮಾಂಸದಿಂದ ಅಲ್ಲ, ಚರ್ಮ, ಮೂಳೆ, ಕೀಲಿನ ಅಂಟು ಭಾಗಗಳಿಂದ. ಕಾಲು ಸೂಪ್ ಕುಡಿದಾಗ ತುಟಿ, ಬೆರಳು ಅಂಟು ಅಂಟಾಗುತ್ತದೆ, ಫ್ರಿಜ್‌ನಲ್ಲಿಟ್ಟರೆ ಜೆಲ್ಲಿಯ ಹಾಗೆ ಗಟ್ಟಿಯಾಗುತ್ತದೆ, ನೋಡಿದ್ದೀರಲ್ಲ? ಅದೇ ಜೆಲಾಟಿನ್, ಅದರ ಮೂಲ ಕೊಲಾಜೆನ್. ಅದನ್ನು ಸಣ್ಣ ಸಣ್ಣ ತುಂಡಾಗಿ ಒಡೆದು ಒಣಗಿಸಿದರೆ ಪುಡಿ ಸಿದ್ಧ. ಕೊಲಾಜೆನ್ ಕೆಟ್ಟದ್ದೇನಲ್ಲ, ಆದರೆ ಪ್ರೋಟೀನಿನ ಇಟ್ಟಿಗೆಗಳಾದ ಅಮೈನೊ ಆಮ್ಲಗಳಲ್ಲಿ, ದೇಹ ತಾನೇ ಮಾಡಿಕೊಳ್ಳಲಾಗದ ಟ್ರಿಪ್ಟೊಫಾನ್ ಅದರಲ್ಲಿ ಸ್ವಲ್ಪವೂ ಇಲ್ಲ. ಸ್ನಾಯು ಕಟ್ಟುವ ಕೆಲಸ ಶುರುವಾಗಲು ಮುಖ್ಯವಾಗಿ ಬೇಕಾದ ಲ್ಯೂಸಿನ್ ಅನ್ನುವ ಅಮೈನೊ ಆಮ್ಲ ಕೂಡ ಕಡಿಮೆ. 25 ಗ್ರಾಂ ವೇ ಪ್ರೋಟೀನಿನಲ್ಲಿ ಸುಮಾರು ಎರಡೂವರೆ ಗ್ರಾಂ ಲ್ಯೂಸಿನ್ ಸಿಗುತ್ತದೆ. ನನ್ನ ಡಬ್ಬಿಯ ಒಂದು ಸ್ಕೂಪಿನಲ್ಲಿ ಒಂದು ಗ್ರಾಂ ಕೂಡ ಇರಲಿಲ್ಲ. ಲೇಬಲ್‌ನ ಅಮೈನೊ ಆಮ್ಲಗಳ ಪಟ್ಟಿಯ ತುಂಬ ಗ್ಲೈಸಿನ್, ಪ್ರೋಲಿನ್, ಹೈಡ್ರಾಕ್ಸಿಪ್ರೋಲಿನ್. ಹೈಡ್ರಾಕ್ಸಿಪ್ರೋಲಿನ್ ಜಾಸ್ತಿ ಕಂಡರೆ ಅದು ಕೊಲಾಜೆನ್ ಅಂತಲೇ ತಿಳಿಯಿರಿ, ಒಳ್ಳೆಯ ಮಾಂಸದಲ್ಲಿ ಅದು ತೀರಾ ಕಡಿಮೆ ಇರುತ್ತದೆ.

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ವಯಸ್ಸಾದ ಹೆಂಗಸರಿಗೆ ದಿನಕ್ಕೆ ಎರಡು ಸಲ 30 ಗ್ರಾಂನಂತೆ ಆರು ದಿನ, ಕೆಲವರಿಗೆ ವೇ, ಕೆಲವರಿಗೆ ಕೊಲಾಜೆನ್ ಕೊಟ್ಟು ನೋಡಿದರು. ಆ ಆರು ದಿನಗಳಲ್ಲಿ ಸ್ನಾಯು ಕಟ್ಟುವ ವೇಗ ಏರಿದ್ದು ವೇ ಕುಡಿದವರಲ್ಲಿ ಮಾತ್ರ. ಇನ್ನೊಂದು ಕಡೆ, ಬೀಫ್ ಪುಡಿಯನ್ನೇ ವೇ ಜೊತೆ ಎಂಟು ವಾರ ಹೋಲಿಸಿದ ಸಣ್ಣ ಅಧ್ಯಯನದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡೂ ಸರಿ ಇರಬಹುದು. ಡಬ್ಬಿಯಿಂದ ಡಬ್ಬಿಗೆ ಒಳಗಿರುವ ಮಾಲು ಬೇರೆ, ಜೊತೆಗೆ ದಿನವಿಡೀ ಮೊಟ್ಟೆ, ಕೋಳಿ, ಮೀನು ಚೆನ್ನಾಗಿ ತಿನ್ನುವವರಿಗೆ ಒಂದು ಸ್ಕೂಪಿನ ಕೊರತೆ ಗೊತ್ತಾಗುವುದೂ ಇಲ್ಲ. ವ್ಯಾಯಾಮ ಮಾಡುವವರಿಗೆ ಕೆಜಿ ತೂಕಕ್ಕೆ ದಿನಕ್ಕೆ 1.4ರಿಂದ 2 ಗ್ರಾಂ ಪ್ರೋಟೀನ್ ಸಾಕು ಅನ್ನುತ್ತಾರೆ, ನಾನು 72 ಕೆಜಿ, ಅಂದರೆ ಸುಮಾರು 100ರಿಂದ 144 ಗ್ರಾಂ. ಸ್ಕ್ವಾಟ್‌ನಲ್ಲಿ ನಾನು ಎತ್ತುವ ಭಾರ ಈ ಮೂರು ತಿಂಗಳಲ್ಲಿ ಏರಿದ್ದೂ ನಿಜ. ಅದನ್ನು ಪುಡಿಯ ಲೆಕ್ಕಕ್ಕೆ ಬರೆಯಲು ನನಗೆ ಮನಸ್ಸಿಲ್ಲ, ದಿನಾ ತಿಂದ ನಾಲ್ಕು ಮೊಟ್ಟೆಯ ಲೆಕ್ಕಕ್ಕೆ ಬರೆಯುತ್ತೇನೆ.

ಈಗ ಕುಡಿಯುತ್ತಿರುವುದು ವೇ ಐಸೊಲೇಟ್. ವೇ ಅಂದರೆ ಬೇರೇನೂ ಅಲ್ಲ, ಹಾಲು ಒಡೆದಾಗ ಪನೀರ್ ತೆಗೆದ ಮೇಲೆ ಉಳಿಯುತ್ತದಲ್ಲ, ಆ ತಿಳಿನೀರು. ಕಾನ್ಸಂಟ್ರೇಟ್‌ನಲ್ಲಿ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಸ್ವಲ್ಪ ಉಳಿದಿರುತ್ತದೆ, ನನ್ನ ಹೊಟ್ಟೆ ಕೆಡಿಸಿದ್ದು ಅದೇ ಇರಬೇಕು. ಐಸೊಲೇಟ್‌ನಲ್ಲಿ ಅದನ್ನು ಇನ್ನಷ್ಟು ಸೋಸಿ ತೆಗೆದಿರುತ್ತಾರೆ, ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ. ಆರು ವಾರ ಆಯಿತು, ಒಂದು ದಿನವೂ ಉಬ್ಬರ ಬಂದಿಲ್ಲ. ಬೀಫ್ ಪುಡಿಗೆ ಸ್ಕೂಪಿಗೆ ಹತ್ತಿರ ಹತ್ತಿರ 2 ಡಾಲರ್ ಬೀಳುತ್ತಿತ್ತು, ಇದಕ್ಕೆ ಒಂದೂವರೆ. ಅಂಗಡಿಯವರು ಬೀಫ್ ಕೊಡುವ ಮೊದಲು ಐಸೊಲೇಟ್ ಅಂತ ಒಂದು ಇದೆ ಅಂತ ಹೇಳಿದ್ದರೆ ಸಾಕಿತ್ತು.

ಲ್ಯಾಕ್ಟೋಸ್ ಆಗದಿರುವುದು ಬೇರೆ, ಹಾಲಿನ ಅಲರ್ಜಿ ಬೇರೆ. ಅಲರ್ಜಿ ಇದ್ದವರಿಗೆ ಐಸೊಲೇಟ್ ಕೂಡ ಬೇಡ, ಅವರು ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಅಂಥವರು ಬೀಫ್ ಪುಡಿಯನ್ನೇ ಕೊಳ್ಳುವುದಾದರೆ ಲೇಬಲ್‌ನಲ್ಲಿ ಆ ಶೇಕಡಾ ಪಾಲು ನೋಡಿ, ಲ್ಯೂಸಿನ್ ಎಷ್ಟು ಅಂತ ನೋಡಿ, ಹೊರಗಿನ ಸಂಸ್ಥೆ ಪರೀಕ್ಷೆ ಮಾಡಿದೆ ಅಂತ ತೋರಿಸುವ ಎನ್‌ಎಸ್‌ಎಫ್ ಅಥವಾ ಇನ್‌ಫಾರ್ಮ್ಡ್ ಸ್ಪೋರ್ಟ್ ಮುದ್ರೆ ಇದೆಯಾ ನೋಡಿ. ಅಮೈನೊ ಆಮ್ಲಗಳ ಪಟ್ಟಿಯನ್ನೇ ಕೊಡದ ಡಬ್ಬಿ ವಾಪಸ್ ಇಡಿ. ಬೀಫ್ ತಿನ್ನುವವರಾದರೆ ಮಾಂಸವನ್ನೇ ತಿನ್ನಿ, ಕೊಬ್ಬು ಕಡಿಮೆ ಇರುವ ಬೀಫ್ ಬೇಯಿಸಿದರೆ 100 ಗ್ರಾಂನಲ್ಲಿ ಸುಮಾರು 26 ಗ್ರಾಂ ಪೂರ್ತಿ ಗುಣಮಟ್ಟದ ಪ್ರೋಟೀನ್, ಜೊತೆಗೆ ಕಬ್ಬಿಣ, ಬಿ12.

ಚಿಕ್ಕಮ್ಮನ ಮಗ ಮಂಗಳೂರಿನಿಂದ ಫೋನ್ ಮಾಡಿ, ಬರುವಾಗ ಆ ಬೀಫ್ ಪೌಡರ್ ಎರಡು ಡಬ್ಬಿ ತಾ ಮಾರಾಯ ಅಂದಿದ್ದ. ಲೇಬಲ್‌ನ ಫೋಟೊ ಕಳಿಸಿ, ಶೇ. 7ಕ್ಕೆ ಕೆಂಪು ಗೆರೆ ಎಳೆದು ತೋರಿಸಿದೆ. ನನ್ನ ಬಳಿ ಉಳಿದಿದ್ದ ಅರ್ಧ ಡಬ್ಬಿಯನ್ನು ಬೆಳಗಿನ ಓಟ್ಸ್‌ಗೆ ಚಾಕೊಲೇಟ್ ರುಚಿ ಬರಲಿ ಅಂತ ಹಾಕಿಕೊಂಡು ಮುಗಿಸಿದೆ, ದಿನದ ಪ್ರೋಟೀನ್ ಲೆಕ್ಕಕ್ಕೆ ಮಾತ್ರ ಅದನ್ನು ಸೇರಿಸಲಿಲ್ಲ.