ಆಪ್ಟೋಮೆಟ್ರಿ ಶಾಲೆಗೆ ಅರ್ಜಿ ಹಾಕುವ ಮುನ್ನ ಯಾರ ಪಕ್ಕದಲ್ಲಿ ಕೂತು ಕೆಲಸ ನೋಡಬೇಕು: ನ್ಯೂಜೆರ್ಸಿಯ ಅನುಭವದಿಂದ ಒಂದು ಹೋಲಿಕೆ

ಬೆಂಗಳೂರಿನಲ್ಲಿ ಪಿಯುಸಿ ಮುಗಿಸಿ ನೇರವಾಗಿ ಆಪ್ಟೋಮೆಟ್ರಿಯ, ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುವ ವೃತ್ತಿಯ, ಬಿ.ಆಪ್ಟೋಮ್ ಪದವಿಗೆ ಸೇರುವಂತೆ ಅಮೆರಿಕದಲ್ಲಿ ಸೇರುವುದಕ್ಕಾಗುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಪದವಿ ಮುಗಿಸಿ, ಓ.ಎ.ಟಿ. ಎಂಬ ಪ್ರವೇಶ ಪರೀಕ್ಷೆ ಬರೆದು, ಆಪ್ಟೋಮ್‌ಕ್ಯಾಸ್ ಎಂಬ ಏಕೀಕೃತ ವ್ಯವಸ್ಥೆಯ ಮೂಲಕ ಅರ್ಜಿ ಸಲ್ಲಿಸಿ, ಆನಂತರ ನಾಲ್ಕು ವರ್ಷದ ಓ.ಡಿ. (ಡಾಕ್ಟರ್ ಆಫ್ ಆಪ್ಟೋಮೆಟ್ರಿ) ವ್ಯಾಸಂಗಕ್ಕೆ ಕಾಲಿಡಬೇಕು. ಆ ಅರ್ಜಿಯಲ್ಲಿ, ವೃತ್ತಿಯಲ್ಲಿರುವ ಆಪ್ಟೋಮೆಟ್ರಿಸ್ಟರ ಪಕ್ಕದಲ್ಲಿದ್ದು ಅವರ ಕೆಲಸವನ್ನು ಗಮನಿಸಿದ ಗಂಟೆಗಳಿಗೆ, ಅಂದರೆ ಶ್ಯಾಡೋಯಿಂಗ್‌ಗೆ, ಒಂದು ಮುಖ್ಯ ಸ್ಥಾನವಿದೆ. ಎಷ್ಟು ಗಂಟೆ ಬೇಕೆಂಬುದು ಶಾಲೆಯಿಂದ ಶಾಲೆಗೆ ಬದಲಾಗುತ್ತದೆ; ಹಲವು ಶಾಲೆಗಳು ಶಿಫಾರಸು ಪತ್ರಗಳಲ್ಲಿ ಒಂದಾದರೂ ಆಪ್ಟೋಮೆಟ್ರಿಸ್ಟರಿಂದಲೇ ಬರಬೇಕೆನ್ನುತ್ತವೆ. ಮಧ್ಯ ನ್ಯೂಜೆರ್ಸಿಯಲ್ಲಿ ಓದುತ್ತಿದ್ದ ಕಾಲದಲ್ಲಿ ನಾನು ಬೇರೆಬೇರೆ ಬಗೆಯ ಕ್ಲಿನಿಕ್‌ಗಳ ಬಾಗಿಲು ತಟ್ಟಿ, ಒಳಗೆ ಕೂತು ನೋಡಿದ್ದೇನೆ. ಯಾವ ದಾರಿಯಿಂದ ಒಳಗೆ ಹೋಗುತ್ತೇವೆ ಎಂಬುದೇ ಒಳಗೆ ಏನನ್ನು ಕಾಣುತ್ತೇವೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ ಎಂಬುದು ನನಗೆ ಮನವರಿಕೆಯಾದ ಸಂಗತಿ.

ಮೊದಲು ದಾರಿಗಳನ್ನೇ ಹೋಲಿಸುತ್ತೇನೆ. ಎಲ್ಲಕ್ಕಿಂತ ಸುಲಭವಾದದ್ದು ನಮ್ಮದೇ ಕನ್ನಡಕದ ವೈದ್ಯರನ್ನು ಕೇಳುವುದು. ಅವರಿಗೆ ನಮ್ಮ ಪರಿಚಯವಿರುತ್ತದೆ, ಬೇಡವೆನ್ನುವುದು ಅಪರೂಪ. ಎರಡನೆಯದು ಇಮೇಲ್. ಅಮೆರಿಕನ್ ಆಪ್ಟೋಮೆಟ್ರಿಕ್ ಅಸೋಸಿಯೇಷನ್ನಿನ ಜಾಲತಾಣದಲ್ಲಿ ಊರಿನ ಹೆಸರು ಕೊಟ್ಟು ವೈದ್ಯರನ್ನು ಹುಡುಕಿ ಬರೆಯಬಹುದು. ಆದರೆ ಕ್ಲಿನಿಕ್‌ನ ಸಾಮಾನ್ಯ ವಿಳಾಸಕ್ಕೆ ಹೋದ ಪತ್ರಗಳನ್ನು ತೆರೆಯುವವರು ಸ್ವಾಗತ ಮೇಜಿನ ಸಿಬ್ಬಂದಿ, ಅಪಾಯಿಂಟ್‌ಮೆಂಟು ಮತ್ತು ವಿಮೆಯ ಕಾಗದಗಳ ನಡುವೆ ಅಂಥ ಪತ್ರ ಕೆಳಗೆ ಸರಿದುಹೋಗುತ್ತದೆ. ನನಗೆ ಉತ್ತರ ಬಂದದ್ದು ಹೆಚ್ಚಾಗಿ ವೈದ್ಯರ ಹೆಸರಿಗೇ ಬರೆದ, ಅವರ ವಿಶೇಷ ಆಸಕ್ತಿಯನ್ನು ಓದಿಕೊಂಡು ಬರೆದ ಚಿಕ್ಕ ಪತ್ರಗಳಿಗೆ. ಮೂರನೆಯದು ಖುದ್ದಾಗಿ ಹೋಗುವುದು. ಶನಿವಾರವನ್ನೂ ಸಂಜೆಯ ವೇಳೆಯನ್ನೂ ಬಿಟ್ಟು, ವಾರದ ನಡುವೆ ಊಟದ ವಿರಾಮಕ್ಕೆ ಸ್ವಲ್ಪ ಮೊದಲು ಹೋಗಿ, ಒಂದು ಪುಟದ ಪರಿಚಯವನ್ನು ಕೈಗೆ ಕೊಟ್ಟು, ನಾನು ಬರಬಹುದಾದ ದಿನಗಳನ್ನು ಅದರಲ್ಲೇ ಬರೆದಿಟ್ಟು ಬರುವುದು ಇಮೇಲಿಗಿಂತ ಹೆಚ್ಚು ಫಲಕೊಟ್ಟಿತು. ಇನ್ನು ಪರಿಚಯದವರ ದಾರಿ: ನ್ಯೂಜೆರ್ಸಿಯ ಕನ್ನಡಿಗರ ಸಂಘವಾದ ಬೃಂದಾವನ ಕನ್ನಡ ಕೂಟದ ಕಾರ್ಯಕ್ರಮದಲ್ಲಿ ಸಿಕ್ಕ ಹಿರಿಯರೊಬ್ಬರು ತಮ್ಮ ಬಂಧುವಿನ ಕ್ಲಿನಿಕ್‌ಗೆ ಒಂದು ಮಾತು ಹೇಳಿದ್ದರಿಂದ ಒಂದು ಬಾಗಿಲು ಕೂಡಲೇ ತೆರೆಯಿತು. ಆದರೆ ಅಂಥ ಕಡೆ ನಾವು ವಿದ್ಯಾರ್ಥಿಯಾಗುವುದಕ್ಕಿಂತ ಅತಿಥಿಯಾಗುವ ಸಂಭವ ಹೆಚ್ಚು. ಕಷ್ಟದ ಪ್ರಶ್ನೆ ಕೇಳಲು ನಾಲಿಗೆ ಹಿಂಜರಿಯುತ್ತದೆ.

ಕ್ಲಿನಿಕ್‌ಗಳ ಪೈಕಿ ನನಗೆ ಅತಿ ಹೆಚ್ಚು ಕಲಿಸಿದ್ದು ಒಬ್ಬರೇ ವೈದ್ಯರಿರುವ ಖಾಸಗಿ ಕ್ಲಿನಿಕ್. ಅದಕ್ಕೆ ಕಾರಣ ತೀರ ಸರಳ. ರೋಗಿಯ ಕಣ್ಣಿಗೆ ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಅದು ಕೆಲಸ ಮಾಡಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಆ ಬಿಡುವಿನಲ್ಲಿ ವೈದ್ಯರು ಮುಂದಿನ ರೋಗಿಯನ್ನು ನೋಡುವುದುಂಟು, ಇಲ್ಲವೇ ನಮ್ಮ ಕಡೆ ತಿರುಗಿ ತಾವೀಗ ಏನನ್ನು ಅನುಮಾನಿಸುತ್ತಿದ್ದೇವೆ, ಯಾಕೆ ಎಂದು ವಿವರಿಸುವುದುಂಟು. ಸಾಮಾನ್ಯ ದೃಷ್ಟಿ ಪರೀಕ್ಷೆಗೆಂದು ಬಂದವರ ಅಕ್ಷಿಪಟಲದಲ್ಲಿ ಸಣ್ಣ ರಕ್ತಸ್ರಾವದ ಚುಕ್ಕೆಗಳು ಕಂಡಾಗ ಅವರ ಸಕ್ಕರೆ ಕಾಯಿಲೆಯ ಬಗ್ಗೆ ಕುಟುಂಬ ವೈದ್ಯರಿಗೆ ಪತ್ರ ಹೋಗುವುದನ್ನು ನಾನು ಮೊದಲು ಕಂಡದ್ದು ಅಲ್ಲಿಯೇ. ವಿ.ಎಸ್.ಪಿ., ಐಮೆಡ್‌ನಂಥ ದೃಷ್ಟಿ ವಿಮೆಗೂ ಸಾಮಾನ್ಯ ವೈದ್ಯಕೀಯ ವಿಮೆಗೂ ಇರುವ ವ್ಯತ್ಯಾಸ, ಒಂದೇ ಭೇಟಿಯನ್ನು ಯಾವುದರ ಕೆಳಗೆ ಲೆಕ್ಕ ಹಾಕಬೇಕೆಂಬ ತೊಡಕು, ಕನ್ನಡಕದ ಚೌಕಟ್ಟುಗಳ ಮಾರಾಟದಿಂದ ಬಾಡಿಗೆ ಹುಟ್ಟುವ ವಾಸ್ತವ, ಇವೆಲ್ಲವನ್ನೂ ಸ್ವಂತ ಕ್ಲಿನಿಕ್ ನಡೆಸುವವರ ಹತ್ತಿರ ಮಾತ್ರ ಅಷ್ಟು ಸ್ಪಷ್ಟವಾಗಿ ನೋಡಬಹುದು. ಊರಿನಿಂದ ಮಕ್ಕಳ ಮನೆಗೆ ಬಂದ ಹಿರಿಯರೊಬ್ಬರಿಗೆ ಇಂಗ್ಲಿಷ್ ತಿಳಿಯದಿದ್ದಾಗ, ವೈದ್ಯರ ಅನುಮತಿ ಪಡೆದು ‘ಒಂದನೆಯದು ಚೆನ್ನಾಗಿ ಕಾಣುತ್ತದೆಯೋ, ಎರಡನೆಯದೋ’ ಎಂದು ಕನ್ನಡದಲ್ಲಿ ಕೇಳುವ ಅವಕಾಶವೂ ನನಗೆ ಸಿಕ್ಕಿತು. ಕೊರತೆಯೆಂದರೆ, ರೋಗಿಗಳು ಬಾರದ ಮಧ್ಯಾಹ್ನಗಳು ಬರಿದಾಗಿ ಕಳೆಯುತ್ತವೆ.

ದೊಡ್ಡ ಮಳಿಗೆಗಳ ಒಳಗಿರುವ ಕ್ಲಿನಿಕ್‌ಗಳಲ್ಲಿ ಆ ಸಮಸ್ಯೆಯಿಲ್ಲ. ಅಲ್ಲಿ ಕುರ್ಚಿ ಖಾಲಿಯಾಗುವುದೇ ಕಡಿಮೆ. ಮಳಿಗೆ ಬೇರೆ, ವೈದ್ಯರು ಬೇರೆ ಎಂಬುದನ್ನು ಇಲ್ಲಿ ತಿಳಿದಿರಬೇಕು. ಕಾಸ್ಟ್ಕೊ, ವಾಲ್‌ಮಾರ್ಟ್‌ಗಳಂಥ ಕಡೆ ಅನೇಕ ಆಪ್ಟೋಮೆಟ್ರಿಸ್ಟರು ಮಳಿಗೆಯ ನೌಕರರಲ್ಲ, ಜಾಗವನ್ನು ಗುತ್ತಿಗೆಗೆ ಪಡೆದು ಸ್ವತಂತ್ರವಾಗಿ ಕೆಲಸ ಮಾಡುವವರು. ಆದ್ದರಿಂದ ಅನುಮತಿಯನ್ನು ಮಳಿಗೆಯ ವ್ಯವಸ್ಥಾಪಕರಲ್ಲಿ ಕೇಳದೆ ವೈದ್ಯರಲ್ಲೇ ಕೇಳುವುದು ಸರಿಯಾದ ಕ್ರಮ. ಫೊರಾಪ್ಟರ್ ಎಂಬ ಉಪಕರಣದಲ್ಲಿ ಮಸೂರಗಳನ್ನು ಬದಲಿಸುತ್ತಾ ಕನ್ನಡಕದ ಅಂಕಿ ಕಂಡುಹಿಡಿಯುವ ಕ್ರಮ ಇಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬಿದ್ದು ಮನದಟ್ಟಾಗುತ್ತದೆ. ಸಿಲಿಂಡರಿನ, ಅಂದರೆ ಅಸಮದೃಷ್ಟಿಯನ್ನು ತಿದ್ದುವ ಮಸೂರದ, ಕೋನವನ್ನು ಹೇಗೆ ಹಂತಹಂತವಾಗಿ ಸರಿಪಡಿಸುತ್ತಾರೆ ಎಂಬುದನ್ನು ನಾನು ಇಲ್ಲಿ ಕಲಿತಷ್ಟು ಬೇರೆಲ್ಲೂ ಕಲಿಯಲಿಲ್ಲ. ಆದರೆ ಒಬ್ಬ ರೋಗಿ ಹೊರಟು ಇನ್ನೊಬ್ಬರು ಬರುವುದರ ನಡುವೆ ಪ್ರಶ್ನೆ ಕೇಳಲು ಉಸಿರು ತೆಗೆಯುವಷ್ಟೇ ಸಮಯ. ರೋಗಪತ್ತೆಯ ಕೆಲಸ ನಡೆದರೂ ಅದರ ಮುಂದುವರಿಕೆಯನ್ನು ಕಾಣುವುದು ಅಪರೂಪ, ಏಕೆಂದರೆ ಅಂಥ ರೋಗಿಗಳನ್ನು ಹೆಚ್ಚಾಗಿ ಬೇರೆಡೆಗೆ ಕಳಿಸುತ್ತಾರೆ.

ರೋಗದ ದೃಷ್ಟಿಯಿಂದ ನೋಡಿದರೆ ಮಾಜಿ ಸೈನಿಕರ ಆಸ್ಪತ್ರೆಗೆ ಸಾಟಿಯಿಲ್ಲ. ಅಮೆರಿಕದ ಈ ಸರಕಾರಿ ಆಸ್ಪತ್ರೆಗಳಲ್ಲಿ ಕಣ್ಣಿನ ಆರೈಕೆಯ ದೊಡ್ಡ ಪಾಲನ್ನು ಆಪ್ಟೋಮೆಟ್ರಿಸ್ಟರೇ ಹೊರುತ್ತಾರೆ. ಗ್ಲಾಕೋಮಾ, ಮಧುಮೇಹದಿಂದ ಹಾಳಾದ ಅಕ್ಷಿಪಟಲ, ವಯಸ್ಸಿನಿಂದ ಸವೆದ ಮ್ಯಾಕ್ಯುಲಾ (ಅಕ್ಷಿಪಟಲದ ನಡುಭಾಗ), ತಲೆಗೆ ಪೆಟ್ಟುಬಿದ್ದ ಮೇಲೆ ಉಂಟಾದ ದೃಷ್ಟಿದೋಷ, ಇವೆಲ್ಲ ಒಂದೇ ಬೆಳಗಿನಲ್ಲಿ ಕಾಣಸಿಗುತ್ತವೆ. ಕಣ್ಣನ್ನು ಹಿಗ್ಗಿಸಿ ನೋಡುವ ಸ್ಲಿಟ್ ಲ್ಯಾಂಪ್ ಉಪಕರಣಕ್ಕೆ ಜೋಡಿಸಿದ ಎರಡನೆಯ ನೋಡುಗೊಳವೆಯ ಮೂಲಕ ವೈದ್ಯರು ನೋಡುವುದನ್ನೇ ನಾನೂ ನೋಡಲಾದದ್ದು ಇಂಥ ಕಡೆಯಲ್ಲೇ. ಈ ಸೌಲಭ್ಯದ ಬಗ್ಗೆ ಎಲ್ಲಿಗೇ ಹೋದರೂ ಮುಂಚೆಯೇ ವಿಚಾರಿಸಿಕೊಳ್ಳಿ. ಅದಿಲ್ಲದ, ಚಿತ್ರ ತೋರಿಸುವ ಪರದೆಯೂ ಇಲ್ಲದ ಕೋಣೆಯಲ್ಲಿ ನಮಗೆ ಕಾಣುವುದು ವೈದ್ಯರ ಬೆನ್ನು ಮಾತ್ರ. ಪ್ರವೇಶಕ್ಕೆ ಮೊದಲು ಹಿನ್ನೆಲೆ ಪರಿಶೀಲನೆ, ಕ್ಷಯ ಪರೀಕ್ಷೆ, ಲಸಿಕೆ ದಾಖಲೆ, 1996ರ ಹಿಪಾ ಕಾಯ್ದೆಯಡಿ ರೋಗಿಯ ಗೋಪ್ಯತೆಯ ತರಬೇತಿ, ಹೀಗೆ ಕಾಗದದ ಕೆಲಸ ಸಾಕಷ್ಟಿರುತ್ತದೆ. ರೋಗಿಗಳ ರಕ್ಷಣೆಗೆ ಇರುವ ಕ್ರಮಗಳಾದ್ದರಿಂದ ಅವುಗಳ ಬಗ್ಗೆ ನನಗೆ ತಕರಾರಿಲ್ಲ, ಆದರೆ ಬೇಸಿಗೆಯಲ್ಲಿ ಅರ್ಜಿ ಹಾಕುವವರು ಚಳಿಗಾಲದಲ್ಲೇ ಇದನ್ನು ಆರಂಭಿಸಬೇಕು. ಮಕ್ಕಳ ಕಣ್ಣು ಮಾತ್ರ ಇಲ್ಲಿ ನೋಡಸಿಗುವುದಿಲ್ಲ. ಸಮೀಪದೃಷ್ಟಿ ಬೆಳೆಯುವ ವೇಗವನ್ನು ತಗ್ಗಿಸಲು ಎಂಟರಿಂದ ಹನ್ನೆರಡು ವಯಸ್ಸಿನವರಿಗೆ ಕೊಡುವ, 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ.ಯ ಒಪ್ಪಿಗೆ ಪಡೆದ ಮೈಸೈಟ್ ಕಾಂಟ್ಯಾಕ್ಟ್ ಲೆನ್ಸಿನಂಥವನ್ನು ನೋಡಬೇಕಾದರೆ ಖಾಸಗಿ ಕ್ಲಿನಿಕ್‌ಗೇ ಮರಳಬೇಕು.

ಆಪ್ಟೋಮೆಟ್ರಿ ಶಾಲೆಗಳ ಕ್ಲಿನಿಕ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮ್ಯಾನ್‌ಹಟನ್ನಿನ 42ನೇ ಬೀದಿಯಲ್ಲಿರುವ ಸುನಿ (ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ) ಆಪ್ಟೋಮೆಟ್ರಿ ಕಾಲೇಜು ನ್ಯೂಜೆರ್ಸಿಯಿಂದ ಒಂದು ರೈಲಿನ ದೂರದಲ್ಲಿದೆ. ಇಂಥ ಕಡೆ ವಿದ್ಯಾರ್ಥಿಗಳು ಮೇಲ್ವಿಚಾರಕರ ಕೈಕೆಳಗೆ ರೋಗಿಗಳನ್ನು ನೋಡುತ್ತಾರೆ. ಶಾಲೆ ಹೇಗಿದೆಯೆಂದು ತಿಳಿಯಲು ಅದು ಒಳ್ಳೆಯದು, ವೃತ್ತಿ ಹೇಗಿದೆಯೆಂದು ತಿಳಿಯಲು ಸಾಲದು.

ರಜೆಗೆ ಕರ್ನಾಟಕಕ್ಕೆ ಬಂದಾಗ ಇಲ್ಲಿನ ಕಣ್ಣಾಸ್ಪತ್ರೆಯಲ್ಲಿ ಗಂಟೆಗಳನ್ನು ಪೂರೈಸಿಕೊಳ್ಳಬಹುದೇ ಎಂದು ಕೆಲವರು ಕೇಳುತ್ತಾರೆ. ನಾನು ಅದನ್ನೂ ಮಾಡಿದ್ದೇನೆ. ಹಣ್ಣಾದ ಕಣ್ಣಿನ ಪೊರೆಯನ್ನು ಹತ್ತಿರದಿಂದ ನೋಡಬೇಕಾದರೆ ಇಲ್ಲಿಯೇ ನೋಡಬೇಕು. ಅಮೆರಿಕದಲ್ಲಿ ಅದು ಆ ಹಂತಕ್ಕೆ ಹೋಗುವ ಮೊದಲೇ ಶಸ್ತ್ರಚಿಕಿತ್ಸೆ ನಡೆದಿರುತ್ತದೆ. ಆದರೆ ಇಲ್ಲಿನ ಆಸ್ಪತ್ರೆಗಳಲ್ಲಿ ಆಪ್ಟೋಮೆಟ್ರಿಸ್ಟರು ಹೆಚ್ಚಾಗಿ ದೃಷ್ಟಿಯ ಅಂಕಿ, ಒತ್ತಡಗಳನ್ನು ಅಳೆದು ಕಡತವನ್ನು ನೇತ್ರವೈದ್ಯರಿಗೆ ದಾಟಿಸುತ್ತಾರೆ. ಅಮೆರಿಕದಲ್ಲಿ ಅದೇ ವೃತ್ತಿಯವರು ಕಣ್ಣಿಗೆ ಔಷಧವನ್ನೂ ಬರೆಯುತ್ತಾರೆ, 1998ರಿಂದ ಓಕ್ಲಹೋಮದಲ್ಲಿ ಕೆಲವು ಲೇಸರ್ ಚಿಕಿತ್ಸೆಗಳನ್ನೂ ಮಾಡುತ್ತಾರೆ. ನಾವು ಸೇರಲಿರುವ ವೃತ್ತಿಯ ವ್ಯಾಪ್ತಿ ಇದಾದ್ದರಿಂದ, ಊರಿನ ಗಂಟೆಗಳು ಹೆಚ್ಚುವರಿಯಾಗಿ ಇರಲಿ, ಅಲ್ಲಿನ ಗಂಟೆಗಳ ಬದಲಿಗೆ ಬೇಡ.

ನನ್ನ ಆಯ್ಕೆ ಹೀಗಿದೆ: ಬಹುಪಾಲು ಸಮಯವನ್ನು ಒಂದೇ ಖಾಸಗಿ ಕ್ಲಿನಿಕ್‌ನಲ್ಲಿ, ಒಂದು ಇಡೀ ಋತುವಿನುದ್ದಕ್ಕೂ ವಾರಕ್ಕೊಮ್ಮೆಯಂತೆ ಕಳೆಯಬೇಕು, ಆಸ್ಪತ್ರೆಯ ಕೆಲವು ಬೆಳಗುಗಳನ್ನೂ ಮಳಿಗೆಯ ಒಂದೆರಡು ದಿನಗಳನ್ನೂ ಅದರ ಜೊತೆಗೆ ಸೇರಿಸಿಕೊಳ್ಳಬೇಕು. ಹೋದ ಬಾರಿ ಕಂಡ ರೋಗಿಯ ಕಣ್ಣಿನ ಒತ್ತಡ ಹನಿ ಶುರುವಾದ ಮೇಲೆ ಇಳಿದಿದೆಯೇ ಎಂದು ತಿಳಿಯುವುದು ಹಾಗೆ ಮರಳಿ ಮರಳಿ ಹೋದವರಿಗೆ ಮಾತ್ರ ಸಾಧ್ಯ. ಶಿಫಾರಸು ಪತ್ರವನ್ನೂ ಆ ವೈದ್ಯರಿಂದಲೇ ಕೇಳಬೇಕು, ಅದೂ ಕೊನೆಯ ದಿನಾಂಕಕ್ಕೆ ಕನಿಷ್ಠ ಎರಡು ತಿಂಗಳು ಮೊದಲು, ನೋಡಿದ ದಿನಗಳ ಮತ್ತು ಕಲಿತ ಸಂಗತಿಗಳ ಟಿಪ್ಪಣಿಯನ್ನು ರೋಗಿಗಳ ಗುರುತು ಸಿಗದಂತೆ ಬರೆದು ಅವರ ಕೈಗಿಟ್ಟು.